ಅನುತಾಪವೂ ಸದಾಚಾರವೂ: ಅಶೋಕನ ಕಳಿಂಗ ಶಾಸನಗಳ ಸಾಕ್ಷ್ಯ

ಸದಾಚಾರಕ್ಕೆ ಪ್ರಸನ್ನವಾದ ಮನೋಭಾವಗಳೇ ಆಧಾರವೆ ಎಂಬುದು ನೀತಿಶಾಸ್ತ್ರದ ಹಳೆಯ ಪ್ರಶ್ನೆ. ಪ್ರೀತಿ, ಸಂತೋಷ, ಸೌಹಾರ್ದ ತುಂಬಿದ ಮನಸ್ಸಿನಿಂದಲೇ ಸತ್ಕಾರ್ಯವು ಹೊರಹೊಮ್ಮುವುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಹದಿನೆಂಟನೆಯ ಶತಮಾನದಲ್ಲಿ ಹ್ಯೂಮನು ನೀತಿಯ ಮೂಲವನ್ನು ಭಾವದಲ್ಲಿಯೇ ಕಂಡನು. ಕಾಂಟನಾದರೋ, 1785ರ ತನ್ನ ಗ್ರಂಥದಲ್ಲಿ, ಸ್ವಂತ ದುಃಖದಿಂದ ಅನುಕಂಪವೆಲ್ಲ ಬತ್ತಿದ ಮೇಲೂ ಕರ್ತವ್ಯವೆಂದು ಪರರಿಗೆ ನೆರವಾಗುವವನ ಕಾರ್ಯದಲ್ಲಿಯೇ ನಿಜವಾದ ನೈತಿಕ ಮೌಲ್ಯವನ್ನು ಕಂಡನು. ಈ ವಾದದ ನಿರ್ಣಯವು ತತ್ತ್ವಜ್ಞರಿಗೆ ಸೇರಿದುದು. ಇತಿಹಾಸದ ವಿದ್ಯಾರ್ಥಿಯು ಇದಕ್ಕೆ ಒಂದು ನಿದರ್ಶನವನ್ನು ಒದಗಿಸಬಲ್ಲನು, ಅದು ಅಶೋಕನದು.

ಪಟ್ಟಾಭಿಷೇಕವಾಗಿ ಎಂಟು ವರ್ಷಗಳಾದಾಗ, ಸುಮಾರು ಕ್ರಿ.ಪೂ. 261ರಲ್ಲಿ, ಅಶೋಕನು ಕಳಿಂಗವನ್ನು ಗೆದ್ದನು. ಹದಿಮೂರನೆಯ ಶಿಲಾಶಾಸನದ ಪ್ರಕಾರ 1,50,000 ಜನರನ್ನು ಅಲ್ಲಿಂದ ಒಯ್ಯಲಾಯಿತು. 1,00,000 ಜನರು ಹತರಾದರು. ಅದರ ಎಷ್ಟೋ ಪಟ್ಟು ಮಂದಿ ಮಡಿದರು. ತಾವು ಸುರಕ್ಷಿತರಾಗಿದ್ದರೂ ಬಂಧುಮಿತ್ರರ ವಿಪತ್ತಿನಿಂದ ನೊಂದವರನ್ನು ಕೂಡ ಶಾಸನವು ಮರೆತಿಲ್ಲ. ರಾಜಶಾಸನಗಳಲ್ಲಿ ಸಾಧಾರಣವಾಗಿ ಕಾಣುವುದು ವಿಜಯದ ಹರ್ಷ. ಹರ್ಷವೂ ಪ್ರಸನ್ನ ಭಾವವೇ. ಆದರೆ ಇಲ್ಲಿ ದೊರೆಯನ್ನು ಧರ್ಮದ ಕಡೆಗೆ ತಿರುಗಿಸಿದುದು ಹರ್ಷವಲ್ಲ, ಅನುತಾಪ. ನೋವಿನ ಭಾವವೂ ಒಳಿತಿಗೆ ದಾರಿಯಾಗಬಹುದೆಂಬುದು ಇದರಿಂದ ಸ್ಪಷ್ಟ.

ಹಾಗಾದರೆ ಅನುತಾಪವೊಂದೇ ಸಾಕೆ? ಅದೇ ಶಾಸನವು ಅಡವಿಯ ಜನರಿಗೆ, ಪಶ್ಚಾತ್ತಾಪಪಟ್ಟಿದ್ದರೂ ತನಗೆ ದಂಡಿಸುವ ಶಕ್ತಿಯಿದೆಯೆಂದು ಎಚ್ಚರಿಕೆ ಕೊಡುತ್ತದೆ. ಒಯ್ದವರನ್ನು ಮರಳಿ ಕಳುಹಿಸಿದ ಮಾತು ಅದರಲ್ಲಿಲ್ಲ. ಕಳಿಂಗದಲ್ಲಿಯೇ ಇರುವ ಧೌಲಿ ಮತ್ತು ಜೌಗಡಗಳಲ್ಲಿ ಈ ಶಾಸನವನ್ನೇ ಕೊರೆಸಲಿಲ್ಲ. ದೊರೆಯ ದುಃಖವನ್ನು ಸಾರುವ ಲೇಖವು ಆ ದುಃಖಕ್ಕೆ ಕಾರಣವಾದ ನಾಡಿನಲ್ಲಿಯೇ ಕಾಣದಿರುವುದು ಗಮನಾರ್ಹ.

ಅಲ್ಲಿರುವುದು ಎರಡು ಪ್ರತ್ಯೇಕ ಶಾಸನಗಳು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ದೊರೆತ ಶಿಲಾಫಲಕದಲ್ಲಿಯೂ ಇವು ಇವೆ. ಎಲ್ಲ ಮನುಷ್ಯರೂ ತನ್ನ ಮಕ್ಕಳೆಂದು ಇಲ್ಲಿ ದೊರೆಯು ಹೇಳಿಕೊಂಡರೂ, ಅಧಿಕಾರಿಗಳಿಂದ ಅವನು ಬಯಸುವುದು ಕೇವಲ ವಾತ್ಸಲ್ಯವನ್ನಲ್ಲ. ಅಸೂಯೆ, ಶೀಘ್ರಕೋಪ, ನಿಷ್ಠುರತೆ, ಆತುರ, ಅಭ್ಯಾಸದ ಕೊರತೆ, ಆಲಸ್ಯ, ಬಳಲಿಕೆ ಇವು ತಮ್ಮಲ್ಲಿ ಇರದಂತೆ ಅವರು ನೋಡಿಕೊಳ್ಳಬೇಕು. ಯಾರೂ ಅಕಾರಣವಾಗಿ ಸೆರೆವಾಸವನ್ನು ಅನುಭವಿಸಬಾರದು. ಇದರ ಪರಿಶೀಲನೆಗೆ ಐದು ವರ್ಷಗಳಿಗೊಮ್ಮೆ, ಕಠೋರನಲ್ಲದ ಅಧಿಕಾರಿಯನ್ನು ಸಂಚಾರಕ್ಕೆ ಕಳುಹಿಸಲಾಗುವುದು. ಈ ಪಟ್ಟಿಯಲ್ಲಿ ಕೋಪದೊಡನೆ ಆಲಸ್ಯ, ಬಳಲಿಕೆಗಳೂ ಸೇರಿರುವುದನ್ನು ನೋಡಬೇಕು. ದುಷ್ಟಬುದ್ಧಿಯಿಲ್ಲದ ಅಧಿಕಾರಿಯೂ ದಣಿದಾಗ ಅನ್ಯಾಯಕ್ಕೆ ಕಾರಣನಾಗಬಲ್ಲನೆಂಬ ಅರಿವು ಇದರಲ್ಲಿದೆ.

ಈ ನಿಯಮಗಳು ಎಷ್ಟರಮಟ್ಟಿಗೆ ನಡೆದವೆಂಬುದನ್ನು ಶಾಸನಗಳಿಂದ ಮಾತ್ರ ಹೇಳಲಾಗದು. ಅವು ದೊರೆಯ ಮಾತುಗಳು. ಆದರೂ ಅವುಗಳ ಕ್ರಮದಲ್ಲಿ ಒಂದು ಪಾಠವಿದೆ. ಭಾವವು, ಸುಖದ್ದಾಗಲಿ ದುಃಖದ್ದಾಗಲಿ, ಕಣ್ಣು ತೆರೆಸುತ್ತದೆ. ಆದರೆ ದೊರೆಯು ಅತ್ತನೆಂಬುದರಿಂದ ಸೆರೆಯಾಳಿನ ಬಾಗಿಲು ತೆರೆಯುವುದಿಲ್ಲ. ತೆರೆಯುವುದು ಬೇಸರವಾದ ದಿನವೂ ತಪ್ಪದೆ ನಡೆಯುವ ವಿಚಾರಣೆಯಿಂದ.