ಮೂರನೆಯವರ ಮಾತು ಸಾಕು, ಇಬ್ಬರೂ ಕೂತು ಮಾತಾಡ್ರಿ!

ಗದಗ-ಬೆಟಗೇರಿ: ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹಿರಿಯರು ಹೇಳಿದರು. ಉಂಡು ಮಲಗಿ ಎದ್ದ ಮೇಲೂ ಮುಗಿಯದ ಜಗಳವನ್ನು ಎಲ್ಲಿಗೆ ಒಯ್ಯಬೇಕು ಎಂಬುದನ್ನು ಮಾತ್ರ ಅವರು ಹೇಳಲಿಲ್ಲ.

2024ರ ಸೆಪ್ಟೆಂಬರಿನಲ್ಲಿ ಧಾರವಾಡದ ಹೈಕೋರ್ಟ್ ಪೀಠದ ಮುಂದೆ ಇದೇ ಪ್ರಶ್ನೆ ಬಂತು. ಬೇರೆ ಬೇರೆಯಾಗಿದ್ದ ದಂಪತಿಗಳಿಗೆ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತರು, ಮಠಾಧೀಶರೊಬ್ಬರ ಬಳಿ ಹೋಗಿ ಬುದ್ಧಿಮಾತು ಕೇಳಿರಿ ಎಂದರು. ಗಂಡ ಗದುಗಿನ ಸ್ವಾಮಿಗಳ ಹೆಸರು ಹೇಳಿದರೆ, ಹೆಂಡತಿ ಕೊಪ್ಪಳದ ಗವಿಮಠವೇ ಆಗಬೇಕೆಂದರು. ಕಡೆಗೆ ಕೊಪ್ಪಳದ ದಾರಿಯೇ ಗಟ್ಟಿಯಾಯಿತು. ಕೋರ್ಟಿನ ಆ ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಯಾವ ಸ್ವಾಮಿಗಳ ಕಡೆ ಹೋಗಬೇಕೆಂಬುದಕ್ಕೂ ತಕರಾರೇ ಎಂದು ನಕ್ಕವರು ಬಹಳ. ನಕ್ಕವರ ಮನೆಯಲ್ಲೂ ದೋಸೆ ತೂತೇ ಇದ್ದೀತು, ಆ ಮಾತು ಬೇರೆ!

ಮೂರು ಬಾಗಿಲು

ನಮ್ಮ ಕಡೆ ಒಡಕು ಬಿದ್ದ ಸಂಸಾರಕ್ಕೆ ಮೂರು ಬಾಗಿಲು. ಮೊದಲನೆಯದು ಹಿರೇರ ಪಂಚಾಯ್ತಿ. ಎರಡೂ ಕಡೆಯ ಹತ್ತು ಮಂದಿ ಪಡಸಾಲೆಯಲ್ಲಿ ಕೂಡುತ್ತಾರೆ, ಚಹಾ ಕುಡಿಯುತ್ತಾರೆ, "ಹೊಂದ್ಕೊಂಡು ಹೋಗವ್ವಾ" ಎಂದು ಎದ್ದು ಹೋಗುತ್ತಾರೆ. ಎರಡನೆಯದು ಮಠ. ಮೂರನೆಯದು ಕೋರ್ಟು. 1984ರ ಕುಟುಂಬ ನ್ಯಾಯಾಲಯ ಕಾಯ್ದೆಯೇ, ಮೊದಲು ರಾಜಿಗೆ ಪ್ರಯತ್ನಿಸಿ ಎಂದು ನ್ಯಾಯಾಧೀಶರಿಗೆ ಹೇಳಿದೆ. ಲೋಕ ಅದಾಲತ್ತಿನಲ್ಲಿ ಹಾರ ಬದಲಿಸಿಕೊಂಡು ಒಂದಾದ ಜೋಡಿಗಳ ಫೋಟೋ ಪತ್ರಿಕೆಯಲ್ಲಿ ನೋಡಿದ್ದೇವೆ.

ಮೂರೂ ಬಾಗಿಲು ಬೇಕಾದವೇ. ಆದರೆ ಮೂರರಲ್ಲೂ ಮಾತಾಡುವವರು ಮೂರನೆಯವರು. ಗಂಡ ಹೆಂಡತಿ ತಲೆ ತಗ್ಗಿಸಿ ಕೇಳುವವರು. ಹೊಸ್ತಿಲು ದಾಟಿ ಮನೆಗೆ ಬಂದ ಮೇಲೆ ಮತ್ತೆ ಅದೇ ಮೌನ.

ನಾಲ್ಕನೆಯದೊಂದು

ಈ ಮೌನ ಮುರಿಯಲೆಂದೇ ಕ್ಯಾಥೊಲಿಕರು ಒಂದು ಶಿಬಿರ ನಡೆಸುತ್ತಾರೆ. ಹೆಸರು 'ರೆತ್ರುವೈ'. ಫ್ರೆಂಚ್ ಮಾತು; ಕಳೆದದ್ದನ್ನು ಮತ್ತೆ ಕಂಡುಕೊಳ್ಳುವುದು ಎಂದರ್ಥ. 1977ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಹುಟ್ಟಿತು. ಅದಕ್ಕೂ ಮೊದಲು, 1962ರಲ್ಲಿ, ಸ್ಪೇನಿನ ಪಾದ್ರಿ ಗೇಬ್ರಿಯಲ್ ಕಾಲ್ವೋ ಅವರು ಬಾರ್ಸಿಲೋನಾದಲ್ಲಿ ದಂಪತಿಗಳ ಶಿಬಿರ ಆರಂಭಿಸಿದ್ದರು. ಅದು ಚೆನ್ನಾಗಿರುವ ಸಂಸಾರ ಇನ್ನೂ ಚೆನ್ನಾಗಲಿ ಎಂದು. ಇದು ಮುರಿಯಲು ಬಂದ, ಕೆಲವೊಮ್ಮೆ ಆಗಲೇ ಬೇರೆಯಾದ ಸಂಸಾರಗಳಿಗಾಗಿ.

ಶುಕ್ರವಾರ ಸಂಜೆ ಸೇರಿದರೆ ರವಿವಾರ ಮಧ್ಯಾಹ್ನದ ತನಕ. ವೇದಿಕೆಯ ಮೇಲೆ ಪಂಡಿತರಿಲ್ಲ. ಒಮ್ಮೆ ತಾವೇ ಮುರಿಯುವ ಅಂಚಿಗೆ ಹೋಗಿ ಮರಳಿದ ಮೂರು ಜೋಡಿ, ಜೊತೆಗೆ ಒಬ್ಬ ಪಾದ್ರಿ. ಸಾಲ, ಸಂಶಯ, ಮಾತು ಬಿಟ್ಟ ದಿನಗಳು ಎಲ್ಲವನ್ನೂ ಮುಚ್ಚಿಡದೆ ಹೇಳುತ್ತಾರೆ. ಬಳಿಕ ಬಂದ ದಂಪತಿಗಳು ತಮ್ಮ ಮನಸ್ಸಿನದನ್ನು ಕಾಗದದ ಮೇಲೆ ಬರೆದು, ಅದಲು ಬದಲು ಮಾಡಿ ಓದಿ, ಇಬ್ಬರೇ ಮಾತಾಡಬೇಕು. ಹತ್ತು ಮಂದಿಯ ಮುಂದೆ ಮನೆಯ ಗುಟ್ಟು ಬಿಚ್ಚಬೇಕಾಗಿಲ್ಲ. ತಪ್ಪು ಯಾರದು ಎಂದು ಯಾರೂ ತೀರ್ಪು ಕೊಡುವುದಿಲ್ಲ.

ಅಲ್ಲಿಗೇ ಮುಗಿಯಲಿಲ್ಲ. ಮುಂದೆ ಸುಮಾರು ಮೂರು ತಿಂಗಳು ಮತ್ತೆ ಮತ್ತೆ ಸೇರಬೇಕು. ಎರಡು ದಿನದಲ್ಲಿ ಹಚ್ಚಿದ ದೀಪಕ್ಕೆ ಎಣ್ಣೆ ಹಾಕುವುದು ಆಗಲೇ.

ಇಲ್ಲಿ ನಡೆಸಬೇಕೆಂದರೆ

ಗದಗ ಜಿಲ್ಲೆಯ ಕ್ಯಾಥೊಲಿಕರು 1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಧರ್ಮಪ್ರಾಂತ್ಯದವರು, ಸಂಖ್ಯೆ ಕಡಿಮೆ. ಬೆಟಗೇರಿಯಲ್ಲಿ ಬಾಸೆಲ್ ಮಿಶನ್ 1841ರಲ್ಲೇ ನೆಲೆಯೂರಿತ್ತಾದರೂ ಅವರು ಪ್ರೊಟೆಸ್ಟಂಟರು. ಶಿಬಿರಕ್ಕೆ ಮಾತ್ರ ಯಾವ ಧರ್ಮದವರೂ ಬರಬಹುದು. ಮತಾಂತರದ ಗುಮಾನಿ ಏಳದಂತೆ ಮೊದಲೇ ಬಿಚ್ಚಿ ಹೇಳುವುದು ನಡೆಸುವವರ ಕೆಲಸ. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಈ ಸೀಮೆಯಲ್ಲಿ, ಒಳ್ಳೆ ಮಾತು ಯಾರ ಮನೆಯಿಂದ ಬಂದರೂ ಕೇಳುವ ರೂಢಿ ಉಂಟು.

ಚಪ್ಪರ, ಮೈಕು, ಬ್ಯಾನರು ಯಾವುದೂ ಬೇಡ. ಬ್ಯಾನರು ಕಟ್ಟಿದರೆ ಬರುವವರೂ ಬರುವುದಿಲ್ಲ. ಒಂದೊಂದು ಜೋಡಿಗೆ ಒಂದೊಂದು ಕೋಣೆ, ಹೊತ್ತಿಗೆ ಸರಿಯಾಗಿ ಊಟ, ಹೆಸರು ಹೊರಗೆ ಬಿಡದ ಬಾಯಿ ಇಷ್ಟು ಬೇಕು. ಕೊನೆಯದೇ ಕಷ್ಟ. ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡಿನಲ್ಲಿ ಗಂಡ ಹೆಂಡತಿ ಬ್ಯಾಗು ಹಿಡಿದು ನಿಂತರೆ ಸಾಕು, "ಎಲ್ಲಿಗ್ರಿ ಹೊಂಟೀರಿ?" ಎಂದು ನಾಲ್ಕು ಮಂದಿ ಕೇಳುತ್ತಾರೆ. ಮುಂಡರಗಿಯವರಿಗೆ ಮುಂಡರಗಿಯಲ್ಲೇ ಶಿಬಿರವಾದರೆ ಮುಖ ಎತ್ತಿ ಬರುವುದು ಹೇಗೆ? ಗದುಗಿನಲ್ಲಿ ಲಕ್ಷ್ಮೇಶ್ವರದವರು, ಲಕ್ಷ್ಮೇಶ್ವರದಲ್ಲಿ ಮುಂಡರಗಿಯವರು ಎಂದಾದರೆ ಒಳ್ಳೆಯದು.

ಇನ್ನು ದುಡಿಮೆ. ಮಗ್ಗ ಎರಡು ದಿನ ನಿಂತರೆ ಬೆಟಗೇರಿಯ ನೇಕಾರನಿಗೆ ಎರಡು ದಿನದ ಕೂಲಿ ಖೋತಾ. ಶನಿವಾರ ಅಂಗಡಿಗೆ ಬೀಗ ಹಾಕಲು ವ್ಯಾಪಾರಸ್ಥರ ಕೈ ಬರುವುದಿಲ್ಲ. ಕಾಗದ ಬರೆಯುವುದೂ ಎಲ್ಲರಿಗೂ ಒಗ್ಗದು. ಬರೆಯಲು ಬಾರದವರಿಗೆ ಇಬ್ಬರೇ ಕೂತು ಬಾಯಿಮಾತಿನಲ್ಲಿ ಹೇಳುವ ದಾರಿ ಇರಬೇಕು. ಎಲ್ಲವೂ ನಮ್ಮ ಆಡುಮಾತಿನಲ್ಲೇ ನಡೆಯಬೇಕು. ಅತ್ತೆ ಮಾವ, ಮೈದುನ ನಾದಿನಿಯರ ನಡುವೆ ಬದುಕುವ ಮನೆಗಳಲ್ಲಿ ಗಂಡ ಹೆಂಡತಿಗೆ ಇಬ್ಬರೇ ಕೂರಲು ಜಾಗವೇ ಇರುವುದಿಲ್ಲ. ಹಾಗೆ ನೋಡಿದರೆ ಆ ಒಂದು ಕೋಣೆಯೇ ಅರ್ಧ ಔಷಧ.

ಇದು ಎಲ್ಲದಕ್ಕೂ ಮದ್ದಲ್ಲ

ಒಂದು ಮಾತು ಖಡಾಖಂಡಿತ. ಹೊಡೆತ ಬಡಿತ ಇರುವ ಮನೆಗೆ ಇದು ಮದ್ದಲ್ಲ. ಕುಡಿದು ಬಂದು ಕೈ ಮಾಡುವವನ ಜೊತೆ ಒಂದೇ ಕೋಣೆಯಲ್ಲಿ ಕೂತು ಮಾತಾಡವ್ವಾ ಎನ್ನುವುದು ಉಪದೇಶವಲ್ಲ, ಅಪರಾಧ. ಅಂಥವರಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ, 181 ಮಹಿಳಾ ಸಹಾಯವಾಣಿ ಇದೆ. ಬೇರೊಂದು ಸಂಬಂಧ ಮುಂದುವರಿಸಿಕೊಂಡೇ ಬರುವವರಿಗೂ ಶಿಬಿರ ಉಪಯೋಗವಾಗದು.

ಕ್ಯಾಥೊಲಿಕ್ ಧರ್ಮಸಭೆ ವಿಚ್ಛೇದನವನ್ನು ಒಪ್ಪುವುದಿಲ್ಲ. ನೆಲದ ಕಾನೂನು ಬೇರೆ: ಕ್ರೈಸ್ತ ದಂಪತಿಗಳು ಪರಸ್ಪರ ಒಪ್ಪಿ ಬಿಡುಗಡೆ ಪಡೆಯಲು 2001ರ ತಿದ್ದುಪಡಿಯಿಂದ ಅವಕಾಶವಾಗಿದೆ. ಬಿಡುಗಡೆಯೇ ಸರಿಯಾದ ಸಂಸಾರಗಳೂ ಇವೆ. ಆದರೆ ಎಷ್ಟೋ ಮನೆಗಳಲ್ಲಿ ಮುರಿದದ್ದು ಪ್ರೀತಿಯಲ್ಲ, ಮಾತು. ಅದು ಕೋರ್ಟಿನ ತನಕ ಹೋದಾಗ ನಡುವೆ ಸಿಕ್ಕುವುದು ಮಕ್ಕಳು. ಹಬ್ಬಕ್ಕೆ ಅಪ್ಪನ ಮನೆಯೋ ಅವ್ವನ ಮನೆಯೋ ಎಂದು ಕಣ್ಣು ಕಣ್ಣು ಬಿಡುವ ಕೂಸಿಗೆ ಯಾವ ವಕೀಲರೂ ಇಲ್ಲ.

ಲಗ್ನಕ್ಕೆ ಸಾವಿರ ಮಂದಿಗೆ ಎಲೆ ಹಾಕುವ ಊರುಗಳು ನಮ್ಮವು. ಸಾಮೂಹಿಕ ವಿವಾಹ ನಡೆಸಿ ತಾಳಿ, ಸೀರೆ ಕೊಡುವ ದಾನಿಗಳೂ ಇದ್ದಾರೆ. ಕಟ್ಟಿದ ತಾಳಿ ಭಾರವಾದಾಗ ಎರಡು ದಿನ ಒಂದು ಕೋಣೆ, ಎರಡು ಹೊತ್ತು ಊಟ ಕೊಡಲು ಚರ್ಚಾಗಲಿ, ಮಠವಾಗಲಿ, ದರ್ಗಾ ಕಮಿಟಿಯಾಗಲಿ ಮುಂದೆ ಬಂದರೆ ತಪ್ಪೇನು? ಬಾಗಿಲು ಮುಚ್ಚಿಕೊಟ್ಟು ಹೊರಗೆ ಸುಮ್ಮನೆ ಕೂರುವ ಹಿರಿಯರು ಬೇಕು, ಅಷ್ಟೇ.