ಮನೆ ಹೊತ್ತ ಪ್ರಾಣಿಗೆ ಮನೆ ಕಟ್ಟಬಹುದೆ?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯು ಮನುಷ್ಯರಿಗೆ ಸಲ್ಲತಕ್ಕದ್ದು. ಆಮೆಗೆ ಇವುಗಳಲ್ಲಿ ಮೊದಲನೆಯ ಕಷ್ಟವಿಲ್ಲವೆಂದೂ, ಅದು ಹುಟ್ಟುವಾಗಲೇ ಬೆನ್ನ ಮೇಲೆ ಮನೆಯನ್ನು ಹೊತ್ತು ಬರುವುದೆಂದೂ ಸಾಮಾನ್ಯರ ತಿಳಿವಳಿಕೆ. ಆದುದರಿಂದಲೇ ಆಮೆಮರಿಯೊಂದು ಕೈಗೆ ಸಿಕ್ಕಿದರೆ ಒಂದು ರಟ್ಟಿನ ಪೆಟ್ಟಿಗೆ, ನಾಲ್ಕು ಎಲೆ ಸೊಪ್ಪು ಇಷ್ಟಿದ್ದರೆ ಅದರ ಸಂಸಾರ ಸಾಗಿತೆಂದು ಅನೇಕರು ಭಾವಿಸುತ್ತಾರೆ. ಈ ಭಾವನೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಪರೀಕ್ಷಿಸೋಣ.

ಮೊದಲನೆಯದಾಗಿ, ಚಿಪ್ಪು ಮನೆಯಲ್ಲ; ಅದು ಮೈ. ಆಮೆಯ ಬೆನ್ನುಮೂಳೆಯೂ ಪಕ್ಕೆಲುಬುಗಳೂ ಅಗಲವಾಗಿ ಬೆಳೆದು, ಒಂದಕ್ಕೊಂದು ಬೆಸೆದುಕೊಂಡು ಮೇಲಿನ ಚಿಪ್ಪಾಗಿವೆ. ಅದರ ಮೇಲೆ ನಮ್ಮ ಉಗುರಿನ ಜಾತಿಯದೇ ಆದ ವಸ್ತುವಿನ ಹೊದಿಕೆಯಿದೆ. ಬದುಕಿರುವ ಮೂಳೆಯಾದ್ದರಿಂದ ಅದಕ್ಕೆ ಪೆಟ್ಟಾದರೆ ರಕ್ತ ಸುರಿಯುತ್ತದೆ. ಆಹಾರದಲ್ಲಿ ಸುಣ್ಣಾಂಶ ಸಾಲದಿದ್ದರೆ ಮೃದುವಾಗುತ್ತದೆ. ಆಮೆಯ ನಿಜವಾದ ಮನೆಯಾವುದೆಂದು ತಿಳಿಯಬೇಕಾದರೆ ಅದು ಹುಟ್ಟಿ ಬೆಳೆಯುವ ನೆಲವನ್ನು ನೋಡಬೇಕು.

ದಾಂಡೇಲಿಯಿಂದ ಅಂಬಿಕಾನಗರದ ದಾರಿಯಲ್ಲಿ ಸುಮಾರು 12 ಕಿಲೋಮೀಟರು ಹೋದರೆ ಕುಳಗಿ ಸಿಗುತ್ತದೆ. ಅರಣ್ಯ ಇಲಾಖೆಯ ನಿಸರ್ಗ ಶಿಬಿರ ಇರುವುದು ಇಲ್ಲಿಯೇ. ಸುತ್ತಲಿನ ಕಾಡು 2007ರಲ್ಲಿ ದಾಂಡೇಲಿ-ಅಣಶಿ ಎಂಬ ಹೆಸರಿನಿಂದ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿ ನದಿಯ ಹೆಸರನ್ನು ಪಡೆಯಿತು. ಇಂತಹ ಕಾಡಿನ ನೆಲವನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡಬೇಕು. ಬಿಸಿಲು ಬಿದ್ದ ಕಡೆ ಬೆಚ್ಚಗೆ. ಒಂದು ಮಾರು ಆಚೆ ನೆರಳಿನಲ್ಲಿ ತಂಪು. ತರಗೆಲೆಯ ರಾಶಿಯನ್ನು ಸರಿಸಿದರೆ ಒಳಗೆ ತೇವ. ಈ ಮೂರೂ ಕೆಲವೇ ಹೆಜ್ಜೆಗಳ ಅಂತರದಲ್ಲಿ ದೊರೆಯುವುದೇ ಆಮೆಯ ಜೀವನದ ಗುಟ್ಟು.

ಇದಕ್ಕೆ ಕಾರಣ ಭೌತಶಾಸ್ತ್ರದಲ್ಲಿದೆ. ನಾವು ಉಂಡ ಅನ್ನವನ್ನೇ ಉರಿಸಿ ಮೈಯನ್ನು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟುಕೊಳ್ಳುತ್ತೇವೆ. ಆಮೆಗೆ ಅಂತಹ ಒಳಗಿನ ಒಲೆಯಿಲ್ಲ. ಅದು ಬಿಸಿಲಿಗೆ ಬಂದು ಕಾಯುತ್ತದೆ, ನೆರಳಿಗೆ ಸರಿದು ತಣಿಯುತ್ತದೆ. ಮೈ ಕಾಯದಿದ್ದರೆ ತಿಂದದ್ದು ಜೀರ್ಣವಾಗುವುದಿಲ್ಲ. ಮರಿಯ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಒಂದು ದೊಡ್ಡ ಆಲೂಗಡ್ಡೆಯನ್ನೂ ಒಂದು ಚಿಕ್ಕ ಆಲೂಗಡ್ಡೆಯನ್ನೂ ಒಟ್ಟಿಗೆ ಬೇಯಿಸಿ ಹೊರಗಿಟ್ಟರೆ ಚಿಕ್ಕದು ಬೇಗ ಆರುವುದನ್ನು ಅಡಿಗೆಮನೆಯಲ್ಲಿ ಯಾರಾದರೂ ನೋಡಬಹುದು. ಮರಿಯ ಉದ್ದ 4 ಸೆಂಟಿಮೀಟರು, ಬೆಳೆದ ಆಮೆಯದು 20 ಸೆಂಟಿಮೀಟರು ಎನ್ನೋಣ. ಉದ್ದ ಐದರಷ್ಟಾದಾಗ ಮೈಯ ಹೊರಮೈ 25ರಷ್ಟೂ ತೂಕ 125ರಷ್ಟೂ ಆಗುತ್ತವೆ. ಅಂದರೆ, ಒಂದೊಂದು ಗ್ರಾಂ ತೂಕಕ್ಕೆ ಹೋಲಿಸಿದರೆ ಮರಿಯ ಹೊರಮೈ ತಾಯಿಯದಕ್ಕಿಂತ ಐದು ಪಟ್ಟು ಹೆಚ್ಚು. ಅದು ಬೇಗ ಕಾಯುತ್ತದೆ, ಬೇಗ ತಣಿಯುತ್ತದೆ, ಬೇಗ ಒಣಗುತ್ತದೆ. ತಾಯಿ ತಡೆದುಕೊಳ್ಳುವ ಮಧ್ಯಾಹ್ನದ ಬಿಸಿಲು, ನೆರಳಿಗೆ ಸರಿಯಲು ದಾರಿಯಿಲ್ಲದ ಮರಿಗೆ ಮೃತ್ಯುವಾಗಬಹುದು.

ಈಗ ಗಾಜಿನ ತೊಟ್ಟಿಯನ್ನು ಪರಿಶೀಲಿಸೋಣ. ಆಮೆ ಸಾಕುವವರಿಗೆ ಬಲು ಮೆಚ್ಚಿನ ಪಾತ್ರೆ ಇದು. ಇದರಲ್ಲಿ ಎರಡು ದೋಷಗಳಿವೆ. ತೊಟ್ಟಿ ಕಿರಿದಾದುದರಿಂದ ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪಾಗಿರುವುದು ಸಾಧ್ಯವಾಗದೆ, ಬಿಸಿಲಿಗಿಟ್ಟರೆ ಇಡೀ ತೊಟ್ಟಿಯೇ ಕುಲುಮೆಯಾಗುತ್ತದೆ. ಎರಡನೆಯ ದೋಷ ಕಣ್ಣಿಗೆ ಕಾಣದು. ಸೂರ್ಯನ ಬೆಳಕಿನಲ್ಲಿ 290ರಿಂದ 315 ನ್ಯಾನೊಮೀಟರುಗಳ ತರಂಗದೂರವುಳ್ಳ ಅತಿನೇರಳೆ ಕಿರಣಗಳಿವೆ. ಇವು ಚರ್ಮದ ಮೇಲೆ ಬಿದ್ದಾಗ ಮಾತ್ರ ಅಲ್ಲಿ ‘ಡಿ’ ಜೀವಸತ್ವ ಸಿದ್ಧವಾಗುತ್ತದೆ. ಆ ಜೀವಸತ್ವವಿಲ್ಲದೆ ಕರುಳು ಸುಣ್ಣಾಂಶವನ್ನು ಸರಿಯಾಗಿ ಹೀರಲಾರದು. ಕಿಟಕಿಯ ಸಾಮಾನ್ಯ ಗಾಜು ಕಣ್ಣಿಗೆ ಕಾಣುವ ಬೆಳಕನ್ನು ಒಳಗೆ ಬಿಟ್ಟು, ಈ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಬೆಳಕು ತುಂಬಿದ ಕೋಣೆಯಲ್ಲಿ, ತಟ್ಟೆಯ ತುಂಬ ಸೊಪ್ಪಿದ್ದರೂ, ಮರಿಯ ಚಿಪ್ಪು ಮೆತ್ತಗಾಗಿ ಕಾಲುಗಳು ಸೊಟ್ಟಗಾಗುವುದು ಹೀಗೆ.

ತೇವದ ಮಹತ್ವವೂ ಕಡಿಮೆಯಲ್ಲ. ಸಾಕಿದ ಆಮೆಗಳ ಚಿಪ್ಪು ನಯವಾಗಿ ಬೆಳೆಯದೆ ಗೋಪುರಗಳಂತೆ ಉಬ್ಬಿಕೊಳ್ಳುವುದುಂಟು. ಹೆಚ್ಚು ಸಸಾರಜನಕವುಳ್ಳ ಆಹಾರವೇ ಇದಕ್ಕೆ ಕಾರಣವೆಂದು ಬಹುಕಾಲ ಎಣಿಸಿದ್ದರು. ಆಫ್ರಿಕದ ನೆಲದ ಆಮೆಮರಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗವು, ಒಣ ಹವೆಯೇ ಮುಖ್ಯ ಕಾರಣವೆಂದೂ ಸಸಾರಜನಕದ ಪಾತ್ರ ಅಲ್ಪವೆಂದೂ ತೋರಿಸಿತು. ನೆಲದ ಮೇಲಿನ ಹವೆ ಒಣಗಿರುವಾಗಲೂ ಕಾಡಿನ ಮರಿ ಪೊದೆಯ ಬುಡದಲ್ಲಿ ಅಡಗಿ ಅಲ್ಲಿಯ ತೇವವನ್ನು ಪಡೆಯುತ್ತದೆ. ರಟ್ಟಿನ ಪೆಟ್ಟಿಗೆಯೋ ಇದ್ದ ತೇವವನ್ನೂ ಹೀರುತ್ತದೆ.

ಆಹಾರದ ವಿಷಯಕ್ಕೆ ಬರೋಣ. ಇಲ್ಲಿ ‘ಆಮೆ’ ಎಂಬ ಒಂದೇ ಮಾತು ನಮ್ಮನ್ನು ದಾರಿ ತಪ್ಪಿಸುತ್ತದೆ. ಬಯಲುಸೀಮೆಯ ಕುರುಚಲು ಕಾಡಿನ ನಕ್ಷತ್ರ ಆಮೆಯು ಮುಖ್ಯವಾಗಿ ಹುಲ್ಲು, ಎಲೆ, ಹೂವು, ಉದುರಿದ ಹಣ್ಣುಗಳನ್ನು ತಿನ್ನುತ್ತದೆ. ಪಶ್ಚಿಮಘಟ್ಟಗಳಿಗೇ ಮೀಸಲಾದ ತಿರುವಾಂಕೂರು ಆಮೆಯು ಹುಲ್ಲು ಹಣ್ಣುಗಳೊಡನೆ ಹುಳುಹುಪ್ಪಟೆಗಳನ್ನೂ ಬಿಡುವುದಿಲ್ಲ. ಹೊಳೆ ಕೆರೆಗಳ ಕರಿ ಆಮೆಗೆ ನೀರೇ ಆಶ್ರಯ. ಒಂದರ ಊಟ, ಒಂದರ ಬಿಡಾರ ಇನ್ನೊಂದಕ್ಕೆ ಒಗ್ಗದು. ನೀರಿನ ಆಮೆಯನ್ನು ಒಣ ಪೆಟ್ಟಿಗೆಯಲ್ಲಿಟ್ಟರೂ, ನೆಲದ ಆಮೆಯನ್ನು ಬಕೆಟಿನ ನೀರಿಗೆ ಬಿಟ್ಟರೂ ಫಲ ಒಂದೇ. ನಕ್ಷತ್ರ ಆಮೆಗೆ ಬೇಕಾದುದು ನಾರು ಹೆಚ್ಚಾಗಿದ್ದು, ರಂಜಕಕ್ಕಿಂತ ಸುಣ್ಣಾಂಶ ಮಿಗಿಲಾಗಿರುವ ಆಹಾರ: ಗರಿಕೆ, ದಾಸವಾಳದ ಎಲೆ ಹೂಗಳು, ಪಾಪಾಸುಕಳ್ಳಿ ಮುಂತಾದುವು. ಅನ್ನ, ಹಾಲು, ಬ್ರೆಡ್ಡುಗಳು ಅದರ ಕರುಳಿಗೆ ಹೇಳಿಸಿದುವಲ್ಲ. ಪಾಲಕ್ ಸೊಪ್ಪಿನಲ್ಲಿರುವ ಆಕ್ಸಾಲಿಕ್ ಆಮ್ಲವು ಸುಣ್ಣಾಂಶವನ್ನು ಕಟ್ಟಿಹಾಕುವುದರಿಂದ ಅದನ್ನೇ ದಿನವೂ ಕೊಡುವುದು ಹಿತವಲ್ಲ.

ಇಷ್ಟೆಲ್ಲವನ್ನೂ ಅಣಿಮಾಡಿದರೆ ಕಾಡಿನ ಮರಿಯನ್ನು ಮನೆಯಲ್ಲಿ ಸಾಕಬಹುದೇ ಎಂದು ಓದುಗರು ಕೇಳಬಹುದು. ಸಾಕಕೂಡದು ಎಂಬುದೇ ಉತ್ತರ. ನಮ್ಮ ದೇಶದ ಕಾಡಿನ ಆಮೆಗಳನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರೋಧ. ನಕ್ಷತ್ರ ಆಮೆಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2019ರಲ್ಲಿ ಅತ್ಯಂತ ಕಟ್ಟುನಿಟ್ಟಿನ ನಿರ್ಬಂಧ ಬಂದಿತು. ಹೀಗಿದ್ದರೂ, ಆಮೆ ಮನೆಯಲ್ಲಿದ್ದರೆ ಸಂಪತ್ತು ಬರುವುದೆಂಬ ನಂಬಿಕೆಯಿಂದಲೂ, ಬೆನ್ನಿನ ನಕ್ಷತ್ರಗಳ ಚೆಲುವಿನಿಂದಲೂ ಈ ಬಡಪ್ರಾಣಿಯ ಕಳ್ಳಸಾಗಣೆ ನಡೆಯುತ್ತಲೇ ಇದೆ. 2018ರ ನವೆಂಬರಿನಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಬೆಂಗಳೂರಿಗೆ ಮರಳಿ ಬಂದುವು. ಹಾಗೆ ಮರಳಿದುವನ್ನೂ ಒಡನೆಯೇ ಕಾಡಿಗೆ ಬಿಡುವಂತಿಲ್ಲ. ಅವುಗಳಿಗೆ ರೋಗ ತಗುಲಿದ್ದರೆ ಅದು ಕಾಡಿನ ಆಮೆಗಳಿಗೂ ಹರಡೀತು. ಆದುದರಿಂದ ಪ್ರತ್ಯೇಕವಾಗಿಟ್ಟು, ಪರೀಕ್ಷಿಸಿ, ಕಾಡಿನ ಬದುಕಿಗೆ ಹಂತ ಹಂತವಾಗಿ ಒಗ್ಗಿಸಬೇಕು. ಒಬ್ಬನು ಕ್ಷಣದಲ್ಲಿ ಎತ್ತಿಕೊಂಡು ಹೋದ ಮರಿಯನ್ನು ಹಿಂದಿರುಗಿಸಲು ಹಲವರ ದೀರ್ಘಕಾಲದ ದುಡಿಮೆ ಬೇಕಾಗುತ್ತದೆ.

ಕುಳಗಿಯ ಕಾಲುದಾರಿಯಲ್ಲಿ ಆಮೆಮರಿಯೊಂದು ಎದುರಾದರೆ ಮಾಡಬೇಕಾದುದು ಅತಿ ಸುಲಭ: ಅದನ್ನು ಅದರ ಪಾಡಿಗೆ ಬಿಡುವುದು. ಆಮೆಮರಿಗೆ ತಾಯಿಯ ಪೋಷಣೆಯಿಲ್ಲ. ಮೊಟ್ಟೆಯಿಂದ ಹೊರಬಂದ ದಿನದಿಂದಲೇ ಅದು ಸ್ವತಂತ್ರ. ಆದುದರಿಂದ ಒಂಟಿಯಾಗಿ ಕಂಡ ಮರಿ ಅನಾಥವಲ್ಲ. ವಾಹನಗಳು ಓಡಾಡುವ ರಸ್ತೆಯ ನಡುವೆ ಇದ್ದರೆ, ಅದು ಯಾವ ಕಡೆಗೆ ಮುಖಮಾಡಿತ್ತೋ ಆ ಕಡೆಯ ಅಂಚಿಗೆ ಮೆಲ್ಲನೆ ಎತ್ತಿಡಬೇಕು. ಹಿಂದಕ್ಕಿಟ್ಟರೆ ಪುನಃ ದಾಟಲು ಹೊರಡುತ್ತದೆ. ಗಾಯಗೊಂಡಿದ್ದರೆ ಗಾಳಿಯಾಡುವ ಪೆಟ್ಟಿಗೆಯಲ್ಲಿ ನೆರಳಿನಲ್ಲಿಟ್ಟು, ಏನನ್ನೂ ತಿನ್ನಿಸದೆ, ಅರಣ್ಯ ಇಲಾಖೆಯ 1926 ಎಂಬ ದೂರವಾಣಿ ಸಂಖ್ಯೆಗೆ ತಿಳಿಸಬೇಕು. ಬಿಸಿಲು, ನೆರಳು, ತೇವ, ಗರಿಕೆ ಇವನ್ನೆಲ್ಲ ನಾವು ಉಷ್ಣಮಾಪಕ ಹಿಡಿದು ಪ್ರಯಾಸದಿಂದ ಹೊಂದಿಸಬೇಕು; ಕಾಡಿನ ಮರಿಯಾದರೋ ನಾಲ್ಕು ಹೆಜ್ಜೆ ಸರಿದು ತನಗೆ ಬೇಕಾದುದನ್ನು ತಾನೇ ಆರಿಸಿಕೊಳ್ಳುತ್ತದೆ.