ಸ್ಪಾರ್ಕ್ ಪ್ಲಗ್ ಥ್ರೆಡ್ ಕೆಟ್ಟರೆ ಹೆಡ್ ಬದಲಿಸಬೇಕೆ?

ಇಂದಿನ ಬಹುತೇಕ ಕಾರುಗಳ ಸಿಲಿಂಡರ್ ಹೆಡ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಅದರಲ್ಲಿ ಕೂರುವ ಸ್ಪಾರ್ಕ್ ಪ್ಲಗ್‌ನ ಕವಚ ಉಕ್ಕಿನದು. ಪ್ಲಗ್ಗನ್ನು ಓರೆಯಾಗಿ ತಿರುಗಿಸಿದರೆ, ಅತಿಯಾಗಿ ಬಿಗಿದರೆ ಅಥವಾ ಬಿಸಿ ಎಂಜಿನ್‌ನಿಂದ ಬಲವಂತವಾಗಿ ಬಿಚ್ಚಿದರೆ ಮೃದುವಾದ ಹೆಡ್‌ನ ಥ್ರೆಡ್ ಹಾಳಾಗುತ್ತದೆ. ಆಗ ಕಂಪ್ರೆಷನ್ ಸೋರುವುದಲ್ಲದೆ, ಪ್ಲಗ್ ಹೊರಚಿಮ್ಮುವ ಅಪಾಯವೂ ಉಂಟು.

ಇಂತಹ ಸಂದರ್ಭದಲ್ಲಿ ದುಬಾರಿ ಹೆಡ್ಡನ್ನೇ ಬದಲಿಸಬೇಕೆಂದಿಲ್ಲ. ರಂಧ್ರವನ್ನು ಟ್ಯಾಪ್‌ನಿಂದ ಹಿಗ್ಗಿಸಿ ಉಕ್ಕಿನ ಇನ್ಸರ್ಟ್ ಕೂರಿಸಿದರೆ ಹಳೆಯ ಅಳತೆಯ ಪ್ಲಗ್ಗೇ ಹಿಡಿಯುತ್ತದೆ. ಹೆಚ್ಚು ಬಳಕೆಯಲ್ಲಿರುವ ಅಳತೆ 14 ಮಿ.ಮೀ. ವ್ಯಾಸ, 1.25 ಮಿ.ಮೀ. ಪಿಚ್. ಆದರೆ 12 ಹಾಗೂ 10 ಮಿ.ಮೀ. ಪ್ಲಗ್‌ಗಳೂ ಇರುವುದರಿಂದ ಕಿಟ್ ಕೊಳ್ಳುವ ಮುನ್ನ ಅಳತೆ ಖಚಿತಪಡಿಸಿಕೊಳ್ಳಬೇಕು. ಇನ್ಸರ್ಟ್‌ಗಳಲ್ಲಿ ತಂತಿಯ ಸುರುಳಿ ಮತ್ತು ಗಟ್ಟಿ ಬುಷ್ ಎಂಬ ಎರಡು ಬಗೆಗಳಿವೆ. ಪ್ಲಗ್ ಬಿಚ್ಚುವಾಗ ಸುರುಳಿ ಅದರೊಡನೆ ಎದ್ದುಬರುವ ಸಂಭವವಿರುವುದರಿಂದ ಬುಷ್ಷೇ ಲೇಸು.

ಮನೆಯಲ್ಲಿ ಈ ಕೆಲಸಕ್ಕೆ ಕೈಹಾಕುವವರು ಮುಖ್ಯವಾಗಿ ಎಚ್ಚರ ವಹಿಸಬೇಕಾದುದು ಲೋಹದ ಪುಡಿಯ ಬಗ್ಗೆ. ಅದು ಒಳಗುಳಿದರೆ ಸಿಲಿಂಡರ್ ಗೋಡೆಯನ್ನೇ ಗೀಚೀತು. ಎಂಜಿನ್ ತಣ್ಣಗಾದ ಬಳಿಕ ಪಿಸ್ಟನ್ನನ್ನು ಕೆಳಗಿಳಿಸಿ, ಟ್ಯಾಪ್‌ಗೆ ಗ್ರೀಸ್ ತುಂಬಿ, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಆಗಾಗ ಹೊರತೆಗೆದು ಒರೆಸಬೇಕು. ಕೊನೆಗೆ ಸಪೂರ ಕೊಳವೆಯ ವ್ಯಾಕ್ಯೂಮ್‌ನಿಂದ ಸಿಲಿಂಡರನ್ನು ಶುಚಿಗೊಳಿಸಬೇಕು. ಟ್ಯಾಪ್ ನೇರವಾಗಿ ಇಳಿಯದಿದ್ದರೆ ಅಥವಾ ಹೆಡ್‌ನಲ್ಲಿ ಬಿರುಕು ಕಂಡರೆ ಅಲ್ಲಿಗೇ ನಿಲ್ಲಿಸಿ, ಹೆಡ್ಡನ್ನು ಕಳಚಿ ಮೆಷಿನ್ ಶಾಪ್‌ಗೆ ಒಯ್ಯುವುದೇ ವಿವೇಕ.

ಪ್ಲಗ್ಗನ್ನು ಮೊದಲು ಬರಿಗೈಯಿಂದ ಕೂರಿಸಿ, ತಯಾರಕರು ಸೂಚಿಸಿದ ಪ್ರಮಾಣಕ್ಕೆ ಟಾರ್ಕ್ ವ್ರೆಂಚ್‌ನಿಂದ ಬಿಗಿಯುವ ರೂಢಿಯಿದ್ದಲ್ಲಿ ಈ ಖರ್ಚಿನ ಪ್ರಮೇಯವೇ ವಿರಳ.